ಬೀದಿ ಕಡೆಯ ಚಿಪ್ಪಿನ ಕಿಟಕಿಗಳು

ಎಂಬತ್ತರ ದಶಕದಲ್ಲಿ, ಅಮೆರಿಕಾದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಮನೆಯಲ್ಲಿ ಫಿಲಿಪ್ಪೀನ್ಸಿನ ನರ್ಸ್ ಒಬ್ಬರಿದ್ದರು. ನನಗಿಂತ ಬಹಳ ದೊಡ್ಡವರು. ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ ಅಕ್ಕ ಎಂದೆ. ಅವರ ಕಡೆಯೂ ಹಿರಿಯಕ್ಕನನ್ನು ಹೆಸರಿನಿಂದ ಕರೆಯುವುದಿಲ್ಲವಂತೆ, ಹಾಗಾಗಿ ಅದೇ ನಿಂತಿತು.

ಒಂದು ಸಂಜೆ ಆಸ್ಪತ್ರೆಯ ಬಿಳಿ ಉಡುಪಿನಲ್ಲೇ ಬಂದರು. "ನಮ್ಮ ಫೋನು ಸತ್ತಿದೆ. ಊರಿಗೆ ಮಾತಾಡಬೇಕು, ಈಗಲೇ" ಎಂದರು ಇಂಗ್ಲಿಷಿನಲ್ಲಿ. ಊರೆಂದರೆ ಫಿಲಿಪ್ಪೀನ್ಸಿನ ವಿಗಾನ್. ಅಲ್ಲಿ ಆಗ ಮರುದಿನದ ಬೆಳಿಗ್ಗೆ. ಅಲ್ಲಿನ ಹಿರಿಯರ ಮನೆಯ ಹಳೆಯ ಕಿಟಕಿಗಳನ್ನು ಅಕ್ಕನ ತಮ್ಮ ಮನಿಲಾದ ವ್ಯಾಪಾರಿಯೊಬ್ಬನಿಗೆ ಮಾರಲು ಒಪ್ಪಿದ್ದಾನೆ, ಬಡಗಿಗಳು ಬೆಳಿಗ್ಗೆಯೇ ಬಿಚ್ಚುತ್ತಾರೆ ಎಂದು ಊರಿನವರೊಬ್ಬರು ಆಸ್ಪತ್ರೆಯಲ್ಲಿ ಹೇಳಿದ್ದರು.

ಅಡುಗೆಮನೆಯಿಂದ ನಮ್ಮವರು ಇಣುಕಿದರು. "ಲೈನು ಫ್ರೀ ಇರ್ಬೇಕು ಮಾರಾಯ್ತಿ. ಸಾಂಟಾ ಕ್ಲಾರಾದ ಪ್ಲಾಂಟಲ್ಲಿ ಮೆಷಿನು ನಿಂತಿದೆ, ಅಲ್ಲಿಂದ ಫೋನು ಬರ್ಲಿಕ್ಕುಂಟು."

"ಸಿಗದಿದ್ರೆ ಮತ್ತೆ ಮಾಡ್ತಾರೆ" ಎಂದೆ.

"ಮಾಡದಿದ್ರೆ ನಾಳೆಯಿಂದ ನಾನು ಮನೇಲೇ. ನೀನು ಸಾಕು ನನ್ನನ್ನು."

ಲೈನು ಸಿಗಲಿಲ್ಲ. ಅಕ್ಕ ಮತ್ತೆ ಮತ್ತೆ ನಂಬರು ಒತ್ತುತ್ತ ಊರಿನ ಕತೆ ಹೇಳುತ್ತಿದ್ದರು. ಸ್ಪೇನಿನವರು ಹಡಗಿನಲ್ಲಿ ಬಂದು ಕಟ್ಟಿದ ಊರದು. ಚೀನಾದ ವ್ಯಾಪಾರಿಗಳು ಅಲ್ಲೇ ಮದುವೆಯಾಗಿ ನೆಲೆನಿಂತು ಎಬ್ಬಿಸಿದ ಮನೆಗಳು. ಕೆಳಗೆ ಇಟ್ಟಿಗೆ ಗಾರೆ, ಕುದುರೆಗಾಡಿ ಒಳಗೇ ಬರುವಷ್ಟು ಅಗಲದ ಬಾಗಿಲು, ಮೇಲೆ ಮರ. ಮೇಲಿನ ಕಿಟಕಿಗಳಿಗೆ ಗಾಜಿಲ್ಲ. ತೆಳ್ಳನೆಯ ಸಮುದ್ರಚಿಪ್ಪನ್ನು ಚೌಕ ಕತ್ತರಿಸಿ ಮರದ ಚೌಕಟ್ಟಿಗೆ ಕೂರಿಸುತ್ತಾರೆ. ಬಿಸಿಲು ಅದರೊಳಗಿಂದ ಗಂಜಿತಿಳಿಯ ಬಣ್ಣದಲ್ಲಿ ಇಳಿಯುತ್ತದಂತೆ. ಗುಡ್ ಫ್ರೈಡೆಯ ಮೆರವಣಿಗೆ ಬಂದಾಗ ಬೀದಿಯವರೆಲ್ಲ ಆ ಕಿಟಕಿಗಳನ್ನು ಪೂರ್ತಿ ಸರಿಸಿ ಮೇಣದಬತ್ತಿ ಹಚ್ಚಬೇಕು.

"ಎದುರು ಮನೆಯ ಕಿಟಕಿಚಿಪ್ಪೆಲ್ಲ ಈಗ ಯಾವುದೋ ಹೋಟೆಲಿನಲ್ಲಿ ಲ್ಯಾಂಪ್‌ಶೇಡು" ಎಂದರು.

ಅಷ್ಟರಲ್ಲಿ ತಮ್ಮ ಸಿಕ್ಕ. ಅವರ ಭಾಷೆ ನನಗೆ ಬಾರದು, ಆದರೆ ಅಕ್ಕ ತಮ್ಮಂದಿರ ಜಗಳ ತಿಳಿಯಲು ಭಾಷೆ ಯಾತಕ್ಕೆ? ರಿಸೀವರಿನಿಂದ ಸುತ್ತಿಗೆಯ ಪೆಟ್ಟು ನನಗೂ ಕೇಳಿಸುತ್ತಿತ್ತು. ಅಕ್ಕ ಅದಕ್ಕೆ ಕೈ ಅಡ್ಡ ಹಿಡಿದು, "ಬೀದಿ ಕಡೆಯದ್ದೊಂದು ಆಗಲೇ ಕೆಳಗಿಳಿದಿದೆ" ಎಂದರು.

ತಮ್ಮ ಸೋಲಲಿಲ್ಲ, ಅವನ ಮಾತನ್ನು ಅಕ್ಕ ನಡುನಡುವೆ ನನಗೆ ಹೇಳುತ್ತಿದ್ದರು. ಪ್ರತಿ ಬಿರುಗಾಳಿಗೂ ಚಿಪ್ಪು ಒಡೆಯುತ್ತದೆ, ರಿಪೇರಿಗೆ ಜನ ಸಿಗುವುದಿಲ್ಲ, ಬೆಳಕು ಸಾಲದೆ ಮಕ್ಕಳು ಹಗಲಲ್ಲೂ ದೀಪ ಹಾಕಿಕೊಂಡು ಓದುತ್ತವೆ. "ನೀನು ಅಮೆರಿಕಾದಲ್ಲಿ ಗಾಜಿನ ಕಿಟಕಿ ಹಾಕಿಸ್ಕೊಂಡು ನನಗೆ ಚಿಪ್ಪು ಒರೆಸು ಅಂತೀಯಾ, ಅಂತಾನೆ" ಎಂದು ಅಕ್ಕ ನಮ್ಮ ಅಲ್ಯೂಮಿನಿಯಂ ಕಿಟಕಿಯ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ನಮ್ಮವರು ಬಾಗಿಲಲ್ಲಿ ನಿಂತು ಕೈಗಡಿಯಾರ ತೋರಿಸಿದರು.

ಅಕ್ಕ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು. ಆಮೇಲೆ ನಿಧಾನವಾಗಿ ತಮ್ಮನಿಗೆ ಏನೋ ಹೇಳಿ, ನನಗೂ ಹೇಳಿದರು: "ಬೀದಿ ಕಡೆಯವು ಊರಿಗೆ ಸೇರಿದವು, ಮುಟ್ಟಬೇಡ ಅಂದೆ. ಹಿತ್ತಲ ಕಡೆ ನನ್ನ ಕೋಣೆ ಇದೆಯಲ್ಲ, ಅದರ ಕಿಟಕಿಗಳನ್ನು ಕೊಡು. ಗಾಜು ಹಾಕಿಸಿ ಮಕ್ಕಳನ್ನು ಅಲ್ಲಿ ಓದಲು ಕೂರಿಸು."

ಅವರು ಹುಟ್ಟಿದ ಕೋಣೆ ಅದು. ಕೊನೆಗೆ ತಮ್ಮ ಒಪ್ಪಿದ. ಆದರೆ ಇಳಿಸಿದ್ದನ್ನು ಮತ್ತೆ ಕೂರಿಸುವವರೆಗೆ ಅಕ್ಕ ಫೋನು ಇಡಲು ತಯಾರಿರಲಿಲ್ಲ.

"ಇನ್ನೆಷ್ಟು ಹೊತ್ತು?" ನಮ್ಮವರು ಪಿಸುಗುಟ್ಟಿದರು.

"ಬಡಗಿಗೆ ಎಷ್ಟು ಬೇಕೋ ಅಷ್ಟು" ಎಂದೆ.

ಗೊಣಗುತ್ತ ಹತ್ತಿರ ಬಂದವರು ತಾವೂ ಕಿವಿ ಕೊಟ್ಟು ನಿಂತರು. ದೂರದಲ್ಲಿ ಗಂಡಸರ ಕೂಗು, ಯಾರದೋ ಕೆಮ್ಮು. ಭಾರದ ಮರ, ಕಿಟಕಿ ಜಾರುವ ತೋಡಿನಲ್ಲಿ ಕರಕರ ಸರಿದ ಸದ್ದು.

"ಕೂತಿತು" ಎಂದರು ಅಕ್ಕ.

ಆದರೂ ರಿಸೀವರು ಕಿವಿಯಲ್ಲೇ ಇತ್ತು. ಸುತ್ತಿಗೆ ಮತ್ತೆ ಶುರುವಾಯಿತು, ಈಗ ಇನ್ನಷ್ಟು ಒಳಗಿನಿಂದ, ಹಿತ್ತಲ ಕಡೆಯಿಂದ. ಅಕ್ಕ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಫೋನನ್ನು ನಮ್ಮವರ ಕೈಗೆ ಕೊಟ್ಟು, "ಥ್ಯಾಂಕ್ಸ್, ಇನ್ನು ನಿಮ್ಮ ಮೆಷಿನು ನೋಡಿಕೊಳ್ಳಿ" ಎಂದರು.