ಕ್ಯಾಂಟೀನಿನ ನಡುವೆ ಎದ್ದ ಗೋಡೆ

ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯ ಲ್ಯಾಬಿಗೆ ನಾನು ಸೇರಿದಾಗ ಕಂಪನಿಗೆ ಇದ್ದದ್ದು ಅದೊಂದೇ ಕಾರ್ಖಾನೆ. ಕ್ಯಾಂಟೀನಿನಲ್ಲಿ ಶಹಾಬಾದ್ ಕಲ್ಲಿನ ಉದ್ದನೆಯ ಮೇಜುಗಳಿದ್ದವು. ಮ್ಯಾನೇಜರಿಂದ ಹಿಡಿದು ಚೀಲ ಹೊರುವವರ ತನಕ ಎಲ್ಲರೂ ಜಾಗ ಸಿಕ್ಕಲ್ಲಿ ಕೂತು ಉಣ್ಣುತ್ತಿದ್ದರು. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ.

ನನ್ನ ಪಕ್ಕ ಕೂರುತ್ತಿದ್ದವನು ಚಿಂಚೋಳಿ ಕಡೆಯ ಐನಾಪುರದ ಗೆಳೆಯ. ಗುತ್ತಿಗೆ ಕೆಲಸಗಾರ, ಲ್ಯಾಬಿಗೆ ಸಿಮೆಂಟಿನ ಮಾದರಿ ತಂದುಕೊಡುವುದು ಅವನ ಕೆಲಸ. ಅವರದು ಬೌದ್ಧರಾದ ದಲಿತರ ಮನೆ. ನಾನು ಸೇಡಂ ಕಡೆಯ ಮುಧೋಳದವನು. ನಮ್ಮ ಮನೆಯಲ್ಲಿ ಅವನಂಥವರಿಗೆ ಚಹಾ ಕೊಡುತ್ತಿದ್ದದ್ದು ಅಂಗಳದಲ್ಲಿ, ಬೇರೆ ಕಪ್ಪಿನಲ್ಲಿ. ಕ್ಯಾಂಟೀನಿನಲ್ಲಿ ಅವನು ನನ್ನ ಡಬ್ಬಿಯಿಂದ ಪುಂಡಿಪಲ್ಯ ತೆಗೆದುಕೊಳ್ಳುತ್ತಿದ್ದ, ನಾನು ಅವನ ಶೇಂಗಾಹಿಂಡಿಗೆ ಕೈ ಹಾಕುತ್ತಿದ್ದೆ. ಊರಲ್ಲಿ ಆಗದ್ದು ಅಲ್ಲಿ ಯಾವ ಭಾಷಣವೂ ಇಲ್ಲದೆ ಆಗಿಹೋಗಿತ್ತು.

ಆಮೇಲೆ ಕಂಪನಿ ಬೆಳೆಯಿತು. ಬೇರೆ ರಾಜ್ಯಗಳಲ್ಲಿ ಕಾರ್ಖಾನೆಗಳನ್ನು ಕೊಂಡಿತು. ಹಳೆಯ ಮ್ಯಾನೇಜರು ನಿವೃತ್ತರಾದರು. ಹೊಸಬರಿಗೆ ನಮ್ಮ ಹೆಸರು ಕಲಿಯುವಷ್ಟೂ ಪುರಸೊತ್ತಿರಲಿಲ್ಲ. ಎಲ್ಲರ ಕೊರಳಿಗೂ ಕಾರ್ಡು ಬಂತು: ನನ್ನಂಥ ಕಾಯಂ ಆದವರಿಗೆ ನೀಲಿ, ಗುತ್ತಿಗೆಯವರಿಗೆ ಹಳದಿ. ಒಂದು ದಿನ ಊಟಕ್ಕೆ ಹೋದರೆ ಕ್ಯಾಂಟೀನಿನ ನಡುವೆ ಗೋಡೆ. ಈಚೆ ಏಸಿ, ಹೊಸ ಕುರ್ಚಿ. ಆಚೆ ತಗಡಿನ ಚಪ್ಪರ.

ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ನನ್ನ ಗೆಳೆಯನ ಕಾರ್ಡು ನೋಡಿ, "ನೀವು ಆ ಕಡೆ ಹೋಗ್ರಿ" ಅಂದ. ಅವನು ಚಪ್ಪರದ ಕಡೆ ನಡೆದ. ನಾನು ಡಬ್ಬಿ ಹಿಡಿದುಕೊಂಡೇ ಎಚ್‌ಆರ್ ಸಾಹೇಬರ ಕೋಣೆಗೆ ನುಗ್ಗಿದೆ.

"ಮಂದಿ ಹೆಚ್ಚಾಗ್ಯಾರ್ರಿ. ಎಲ್ಲಾ ಪ್ಲಾಂಟಿನಾಗೂ ಇದೇ ರೂಲ್ ಅದ. ಹೆಡ್ ಆಫೀಸಿನಿಂದ ಬಂದದ" ಅಂದರು ಅವರು.

"ಹೆಡ್ ಆಫೀಸಿನವರು ಒಮ್ಮೆಯಾದ್ರೂ ಇಲ್ಲಿ ಬಂದು ಉಂಡಾರೇನ್ರಿ?"

ಅವರು ನಕ್ಕರು. "ಯಾಕ ತಲಿ ಕೆಡಿಸ್ಕೊಳ್ತೀರಿ? ಅವರಿಗೂ ತಮ್ಮವರ ಜೋಡಿ ಕುಂತ್ರ ಆರಾಮ್ ಇರ್ತದ."

ಇದೇ ಮಾತನ್ನು ನಾನು ನಮ್ಮ ಹಿರಿಯರ ಬಾಯಲ್ಲಿ ಎಷ್ಟು ಸಲ ಕೇಳಿರಲಿಲ್ಲ! ಮರುದಿನದಿಂದ ನಾನೇ ಚಪ್ಪರಕ್ಕೆ ಹೋಗಿ ಅವನ ಪಕ್ಕ ಕೂತೆ. ಒಂದು ವಾರವೂ ನಡೆಯಲಿಲ್ಲ ಅದು. ಒಂದು ಮಧ್ಯಾಹ್ನ ಅವನು ತನ್ನ ಡಬ್ಬಿ ಬಿಚ್ಚಲೇ ಇಲ್ಲ.

"ನೀ ಇಲ್ಲಿ ಬರಬ್ಯಾಡಣ್ಣಾ. ಗುತ್ತೇದಾರ ನಮಗ ಬೈಲಿಕತ್ತಾನ. 'ನೀವೇ ಕಾಯಂ ಮಂದಿಗಿ ಕರದು ಗದ್ದಲ ಎಬ್ಬಸ್ತೀರಿ' ಅಂತಾನ. ನಿನಗೇನೂ ಆಗಲ್ಲ. ನಮ್ದು ಕೆಲಸ ಹೋಗ್ತದ."

"ಅಲ್ಲೋ, ನಿನಗ ಸಿಟ್ಟು ಬರಲ್ಲೇನು?"

ಅವನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ನಿನಗ ಇದು ಹೊಸದು, ಅದಕ್ಕ ಭಾಳ ಸಿಟ್ಟು ಬಂದದ" ಅಂದ.

ನನ್ನ ಡಬ್ಬಿ ಮುಚ್ಚಿದೆ. ಎದ್ದು ಬಂದೆ.

ಮುಂದಿನ ಮಳೆಗಾಲಕ್ಕೆ ಅವನು ಕೆಲಸ ಬಿಟ್ಟ. ಈಗ ಚಿಂಚೋಳಿಯಲ್ಲಿ ಟಂಟಂ ಆಟೋ ಓಡಿಸುತ್ತಾನೆ. ಆಗೀಗ ಫೋನ್ ಮಾಡುತ್ತೇನೆ. ಮಕ್ಕಳು, ಮಳೆ, ತೊಗರಿ ಎಲ್ಲ ಮಾತಾಡುತ್ತೇವೆ, ಕಾರ್ಖಾನೆಯ ಸುದ್ದಿ ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ನಾನು ಮಾತ್ರ ಇನ್ನೂ ಅಲ್ಲೇ ಇದ್ದೇನೆ. ಮಧ್ಯಾಹ್ನ ಲ್ಯಾಬಿನಲ್ಲೇ ಒಬ್ಬನೇ ಉಣ್ಣುತ್ತೇನೆ. ಪ್ರತಿಭಟನೆ ಗಿತಿಭಟನೆ ಏನಲ್ಲ. ಆ ತಂಪು ಕೋಣೆಯಲ್ಲಿ ಕೂತರೆ ಕೈ ಇನ್ನೂ ಪಕ್ಕದ ಡಬ್ಬಿಯ ಶೇಂಗಾಹಿಂಡಿ ಹುಡುಕುತ್ತದೆ.