ಮಹಡಿ ಹತ್ತದ ಅಜ್ಜ

ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಹೃದಯದ ಕಾಯಿಲೆ ಬಗ್ಗೆ ಸಂಶೋಧನೆ ನಡೆಯುತ್ತಿತ್ತು. ರೋಗಿಗಳಿಗೆ ಪ್ರಶ್ನೆ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಪ್ರಶ್ನೆಗಳು ಸರಿಯಿವೆಯೇ ಎಂದು ರೋಗಿಗಳೇ ಹೇಳಲಿ ಅಂತ ಡಾಕ್ಟರು ನಾಲ್ವರನ್ನು ಕರೆಸಿದರು. ಅವರಲ್ಲೊಬ್ಬರು ತುರುವನೂರು ಕಡೆಯ ಕುರಿ ಕಾಯುವ ಅಜ್ಜ. ಹೆಗಲ ಕಂಬಳಿಯನ್ನು ಮಡಚಿ ಕುರ್ಚಿಗೆ ಹಾಸಿಕೊಂಡೇ ಕೂರುತ್ತಿದ್ದರು. ಏನು ಹೇಳಿದರೂ ಕೊನೆಗೆ "ಬರ್ಕಳ್ರಿ" ಅನ್ನುತ್ತಿದ್ದರು; ಚಹಾಕ್ಕೆ ಸಕ್ಕರೆ ಸಾಲದು ಅಂದಾಗಲೂ.

"ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆಯೇ?" ನಾನು ಓದಿದೆ.

"ಇಲ್ಲ. ಬರ್ಕಳ್ರಿ."

"ಹಾಗಾದ್ರೆ ಎದೆ ಗಟ್ಟಿಯಾಗಿದೆ ಅಜ್ಜ," ಡಾಕ್ಟರು ಖುಷಿಪಟ್ಟರು.

"ನಮ್ಮೂರಾಗೆ ಮಹಡಿ ಎಲ್ಲೈತೆ ಸಾರ್? ನಾನು ಹತ್ತೇ ಇಲ್ಲ. ಕುರಿ ಹಿಂದೆ ಓಡಿದ್ರೆ ಏನಾಗ್ತೈತೆ ಅಂತ ಕೇಳ್ರಿ."

ಅಲ್ಲಿಯವರೆಗೆ ಹಳ್ಳಿಗಳಿಂದ ಬಂದು "ಇಲ್ಲ" ಅಂದವರನ್ನೆಲ್ಲ ನಾನು ತೊಂದರೆಯಿಲ್ಲದವರ ಪಟ್ಟಿಗೆ ಸೇರಿಸಿದ್ದೆ. ಡಾಕ್ಟರು ನನ್ನ ಮುಖ ನೋಡಿದರು. ಆ ಪ್ರಶ್ನೆ ಹೊಡೆದುಹಾಕಿ, ಅಜ್ಜ ಹೇಳಿದಂತೆಯೇ ಬರೆಸಿದರು. ಹೊಸ ಪ್ರಶ್ನೆಯನ್ನು ಮೊದಲು ಅಜ್ಜನಿಗೇ ಕೇಳಿದೆ.

"ಓಡಾದು ಬಿಟ್ಟು ವರ್ಷ ಆತು. ಈಗ ಕುರಿಗಳೇ ಅಲ್ಲಲ್ಲಿ ನಿಂತು ನನ್ನ ಕಾಯ್ತಾವೆ."

ನಾನು ನಕ್ಕು ಮುಗಿಸುವಷ್ಟರಲ್ಲಿ ಡಾಕ್ಟರು ಅವರ ಕೈಹಿಡಿದು ಎದೆಯ ಸ್ಕ್ಯಾನಿಂಗಿಗೆ ಕರೆದುಕೊಂಡು ಹೊರಟಿದ್ದರು.