ಒಂದೇ ಸಹಿಯ ಅರ್ಜಿ

ಮೊನ್ನೆ ಬೆಳಿಗ್ಗೆ ಒಲೆಯ ಮೇಲಿನ ಹಾಲು ತಳ ಹಿಡಿಯಿತು. ಆ ಸೀದ ವಾಸನೆಗೆ ಸಾಂಗಲಿಯ ವಿಶ್ರಾಮಬಾಗದ ನಮ್ಮ ಪಕ್ಕದ ಮನೆಯ ಕಾಕು ನೆನಪಾದರು. ಮರಾಠಿಯಲ್ಲಿ ಕಾಕು ಎಂದರೆ ಚಿಕ್ಕಮ್ಮ, ಓಣಿಗೆಲ್ಲ ಅವರು ಕಾಕುವೇ. ಅವರ ಮನೆಯಿಂದಲೂ ಒಂದು ದಿನ ಇದೇ ವಾಸನೆ ಬಂದಿತ್ತು. ಓಡಿಹೋಗಿ ನೋಡಿದರೆ ಪಾತ್ರೆ ಕಪ್ಪಾಗಿತ್ತು, ಕಾಕು ಅದರೆದುರೇ ನಿಂತಿದ್ದರು. ಅವರ ತಂಗಿಯ ಎದೆಯಲ್ಲಿದ್ದ ಗಂಟು ಕ್ಯಾನ್ಸರ್ ಎಂದು ಮಿರಜಿನ ಆಸ್ಪತ್ರೆಯಿಂದ ಆಗಷ್ಟೇ ಫೋನ್ ಬಂದಿತ್ತು...

ಕಾಕು ನಿವೃತ್ತ ವಿಜ್ಞಾನ ಶಿಕ್ಷಕಿ, ಕಸಬೆ ಡಿಗ್ರಜ ಎಂಬ ಹಳ್ಳಿಯ ಜೈನರ ಮನೆಯ ಮಗಳು. ಊರಿಗೆಲ್ಲ ಮರಾಠಿ, ನನ್ನ ಜೊತೆ ಕನ್ನಡ. ಮದುವೆಯಾಗದ ತಂಗಿ ಡಿಗ್ರಜದಲ್ಲಿ ಅಣ್ಣನ ಮನೆಯಲ್ಲೇ ಇದ್ದಳು, ಅವನ ಎಮ್ಮೆಗಳ ಹಾಲನ್ನೇ ಕುಡಿಯುತ್ತಿದ್ದಳು. ಆ ಕೊಟ್ಟಿಗೆಯಲ್ಲಿ ಎರಡು ಹೊತ್ತೂ, ಹಿಂಡುವ ಮುಂಚೆ, ಎಮ್ಮೆಗಳಿಗೆ ಹಾರ್ಮೋನಿನ ಸೂಜಿ ಚುಚ್ಚುತ್ತಿದ್ದರು. ಕರು ಬಾಯಿ ಹಾಕದೆಯೇ ಹಾಲು ಇಳಿಯುತ್ತಿತ್ತು.

ತಂಗಿ ಹೆಚ್ಚು ದಿನ ಉಳಿಯಲಿಲ್ಲ. ಹಾಲಿನಿಂದಲೇ ಹೀಗಾಯಿತೇ ಎಂದು ಕಾಕು ಡಾಕ್ಟರನ್ನು ಕೇಳಿದರು. ಹಾಗೆನ್ನಲು ಆಧಾರವಿಲ್ಲ ಎಂದರಂತೆ. ಕಾಕು ಒಪ್ಪಿಕೊಂಡರು, ಆದರೆ ಸುಮ್ಮನಾಗಲಿಲ್ಲ. ಮ್ಹೈಸಾಳದವರೆಗೂ ಬಸ್ಸಿನಲ್ಲಿ ಹೋಗಿ ಹಾಲಿನ ಕೇಂದ್ರಗಳ ಮುಂದೆ ಕರಪತ್ರ ಹಂಚಿದರು. ಅದನ್ನು ನನ್ನ ಅಂಗಡಿಯ ಬಿಲ್ಲಿನ ಕಂಪ್ಯೂಟರಿನಲ್ಲಿ ಸಿದ್ಧಮಾಡುವಾಗ ‘ಈ ಹಾಲು ಕುಡಿದರೆ ಕ್ಯಾನ್ಸರ್ ಖಚಿತ’ ಎಂದು ನನ್ನದೊಂದು ಸಾಲು ಸೇರಿಸಿದ್ದೆ. ಕಾಕು ಹೊಡೆದುಹಾಕಿದರು.

“ಗೊತ್ತಿಲ್ಲದ್ದು ಗೊತ್ತೈತಿ ಅಂತ ಬರೀಬ್ಯಾಡಪಾ. ನಮಗ ಅಂಜಿಕಿ ಐತಿ, ಹಾಲು ತಪಾಸ ಮಾಡ್ರಿ, ಸೂಜಿ ಬಂದ್ ಮಾಡ್ರಿ ಅಂತ ಬರಿ. ಖರೇ ಅಷ್ಟ ಐತಿ.”

ಒಂದು ಕೇಂದ್ರದಲ್ಲಿ ಯಾರೋ, “ಮೊದಲ ನಿಮ್ಮ ಅಣ್ಣನ ಕೊಟ್ಟಿಗಿ ನೋಡ್ರಿ ಅಕ್ಕಾರ,” ಎಂದು ನಕ್ಕರು. ಆ ವಾರವೇ ಕಾಕು ಸಾಂಗಲಿಯ ಸರ್ಕಾರಿ ಕಚೇರಿಗೆ ಅರ್ಜಿ ಬರೆದರು. ಸೂಜಿ ಚುಚ್ಚುವವರ ಪಟ್ಟಿಯಲ್ಲಿ ಮೊದಲ ಹೆಸರು ಅಣ್ಣನದು. ಬರೆದು ಮುಗಿಸಿ ಪೆನ್ನು ನನ್ನ ಕಡೆ ಚಾಚಿದರು.

“ಸೂಜಿ ಚುಚ್ಚೂದನ್ನ ನೀನೂ ಕಣ್ಣಾರೆ ನೋಡೀದಿ. ಒಂದ ಸಹಿ ಹಾಕ್ತಿ?”

ಮಿರಜ್ ಪೇಟೆಯಲ್ಲಿ ನಮ್ಮದು ಹಿಂಡಿ, ಬೂಸಾದ ಅಂಗಡಿ. ಎಮ್ಮೆ ಕಟ್ಟಿದವರೇ ನಮ್ಮ ಗಿರಾಕಿಗಳು, ಕಾಕುವಿನ ಅಣ್ಣನೂ. “ನಾಳೆ ನೋಡೋಣ, ಕಾಕು,” ಎಂದೆ. ಅವರು ಮತ್ತೆ ಕೇಳಲಿಲ್ಲ...

ಅಧಿಕಾರಿಗಳು ಬಂದರು, ಕೊಟ್ಟಿಗೆಯಿಂದ ಸೂಜಿಮದ್ದಿನ ಬಾಟಲಿಗಳನ್ನು ಒಯ್ದರು. ಮರುದಿನ ಅಣ್ಣ ಕಾಕುವಿನ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

“ಒಬ್ಬಾಕಿ ತಂಗಿ ಸತ್ತಳು. ಇನ್ನೊಬ್ಬಾಕೀನೂ ಸತ್ತಳು ಅಂತ ತಿಳಿತೇನಿ,” ಎಂದು ಹೊರಟುಹೋದ.

ತಿಂಗಳೊಳಗೆ ಹೆಸರಿನ ಚೀಟಿಯಿಲ್ಲದ ಹೊಸ ಬಾಟಲಿಗಳು ಆ ಕೊಟ್ಟಿಗೆಗೆ ಬಂದವು. ಹಿಂಡಿ ಇಳಿಸಲು ಹೋದಾಗ ನಾನೇ ನೋಡಿದೆ, ಕಾಕುವಿಗೂ ಹೇಳಿದೆ. ಅವರು ಛತ್ರಿ ಹಿಡಿದು ಮತ್ತೆ ಕಚೇರಿಗೆ ಹೋದರು. ಮುಂದಿನ ವಾರವೂ ಹೋದರು. ಕಳೆದ ಚಳಿಗಾಲದಲ್ಲಿ ಅವರ ಹೃದಯ ನಿಂತಿತು. ತವರಿನಿಂದ ಯಾರೂ ಬರಲಿಲ್ಲ.

ಕಾಕುವಿನ ಅರ್ಜಿ ಏನಾಯಿತೆಂದು ಕೇಳಲು ನಿನ್ನೆ ಆ ಕಚೇರಿಗೆ ಹೋಗಿದ್ದೆ. ಗುಮಾಸ್ತ ಫೈಲು ಹುಡುಕಿ ತೆಗೆದ. ಅರ್ಜಿದಾರರೇ ಬರಬೇಕು ಎಂದ. ತೀರಿಕೊಂಡರು ಎಂದೆ. ಬೇರೆ ಯಾರ ಸಹಿಯಾದರೂ ಇದೆಯೇ ಎಂದು ಹಾಳೆ ತಿರುವಿ ನೋಡಿ, ಇಲ್ಲವೆಂದು ಫೈಲಿನ ದಾರ ಕಟ್ಟಿದ. ನಾನು ಯಾರೆಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.